ಬಸಳೆ ಚಪ್ಪರ ಸೊರಗಿದೆಯೇ? ಗೊಬ್ಬರದ ಬುಟ್ಟಿ ಆಮೇಲೆ ಎತ್ತಿ

ನಮ್ಮ ಕಡೆ ಬಸಳೆ ಸೊರಗಿತು ಎಂದರೆ ಮನೆಯವರ ಕೈ ಮೊದಲು ಹೋಗುವುದು ಗೊಬ್ಬರದ ಬುಟ್ಟಿಗೆ. ಸಗಣಿ, ಬೂದಿ, ಶೇಂಗಾ ಹಿಂಡಿ, ಕೊನೆಗೆ ಯಾರಿಗೂ ಹೇಳದೆ ಒಂದು ಹಿಡಿ ಯೂರಿಯಾ. ನಾನೂ ಎರಡು ವರ್ಷ ಹೀಗೇ ಮಾಡಿದೆ. ಕಾರವಾರದಿಂದ ಅಂಕೋಲೆಯ ಕಡೆ ಹೋಗುವ ದಾರಿಯಲ್ಲಿ, ಸಮುದ್ರದಿಂದ ಅರ್ಧ ಕಿಲೋಮೀಟರ್ ಒಳಗೆ ನಮ್ಮ ಮನೆ. ಹಿತ್ತಿಲಲ್ಲಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಚಪ್ಪರ. ಒಂದು ಕಾಲಕ್ಕೆ ವಾರಕ್ಕೆ ಎರಡು ಸಲ ಕೊಯ್ದರೂ ಮುಗಿಯದೆ ನೆರೆಮನೆಗೆ ಹಂಚುತ್ತಿದ್ದ ಬಳ್ಳಿ, ಬರಬರುತ್ತಾ ಒಂದು ಹೊತ್ತಿನ ಹುಳಿಗೆ ಸಾಲುವಷ್ಟು ಸೊಪ್ಪಿಗೂ ಹದಿನೈದು ದಿನ ಕಾಯಿಸತೊಡಗಿತು. ಗೊಬ್ಬರ ಹೆಚ್ಚಿಸಿದಷ್ಟೂ ಎಲೆ ಕಿರಿದಾಯಿತು. ದೋಷ ಇದ್ದದ್ದು ಒಂದು ಕಡೆ, ನಾನು ಮದ್ದು ಸುರಿಯುತ್ತಿದ್ದದ್ದು ಇನ್ನೊಂದು ಕಡೆ.

ಆ ಪೆಟ್ಟು ತಿಂದ ಮೇಲೆ ಈಗ ಯಾರಾದರೂ "ಬಸಳೆ ಬರುತ್ತಿಲ್ಲ" ಎಂದರೆ ಒಂದು ಕ್ರಮದಲ್ಲಿ ನೋಡುತ್ತೇನೆ. ಮೊದಲು ತಿಂಗಳು ಯಾವುದು ಎಂದು, ಆಮೇಲೆ ಹಳದಿ ಯಾವ ಎಲೆಯಿಂದ ಶುರುವಾಗಿದೆ ಎಂದು, ಆಮೇಲೆ ಬೇರು, ನೀರು, ಕೊನೆಗೆ ಕೊಯ್ಯುವವರ ಕೈ. ಮೊದಲ ಎರಡಕ್ಕೆ ಖರ್ಚಿಲ್ಲ, ನಿಂತ ಜಾಗದಲ್ಲೇ ತಿಳಿಯುತ್ತದೆ. ಅಲ್ಲೇ ಉತ್ತರ ಸಿಕ್ಕರೆ ಗುದ್ದಲಿ ಹಿಡಿಯುವ ಕೆಲಸವೇ ಇಲ್ಲ.

ಮೊದಲು ಗೋಡೆಯ ಕ್ಯಾಲೆಂಡರ್

ಎಲೆ ಚಿಕ್ಕದಾಗಿದೆ, ಕುಡಿ ತೆಳ್ಳಗಾಗಿದೆ, ಎಲೆಯ ಕಂಕುಳಲ್ಲಿ ಬಿಳಿ-ಗುಲಾಬಿ ಬಣ್ಣದ ಸಣ್ಣ ಮೊಗ್ಗುಗಳ ಕಡ್ಡಿ ಹೊರಟಿದೆ, ಕೆಲವು ಕಡೆ ಹಸಿರು ಕಾಯಿ ನೇರಳೆಗೆ ತಿರುಗುತ್ತಿದೆ. ತಿಂಗಳು ಅಕ್ಟೋಬರ್‌ನಿಂದ ಜನವರಿಯೊಳಗೆ ಇದ್ದರೆ ಇದು ರೋಗವೂ ಅಲ್ಲ, ಗೊಬ್ಬರದ ಕೊರತೆಯೂ ಅಲ್ಲ. ಬಸಳೆ ಹಗಲು ಚಿಕ್ಕದಾದಾಗ ಹೂ ಬಿಡುವ ಜಾತಿ. ಹಗಲು ಹದಿಮೂರು ಗಂಟೆಗಿಂತ ಉದ್ದವಿದ್ದರೆ ಅದು ಹೂವಿನ ಯೋಚನೆ ಮಾಡುವುದಿಲ್ಲ. ಕಾರವಾರದಲ್ಲಿ ಜೂನ್ ತಿಂಗಳ ಹಗಲು ಹೆಚ್ಚುಕಡಿಮೆ 13 ಗಂಟೆ, ಡಿಸೆಂಬರ್ ಕೊನೆಯಲ್ಲಿ ಹನ್ನೊಂದೂಕಾಲು. ನವರಾತ್ರಿ ಕಳೆದದ್ದೇ ತಡ, ಬಳ್ಳಿ ಸೊಪ್ಪಿನ ಲೆಕ್ಕ ಬಿಟ್ಟು ಬೀಜದ ಲೆಕ್ಕಕ್ಕೆ ಕೂರುತ್ತದೆ.

ಹಗಲನ್ನು ಉದ್ದ ಮಾಡುವುದು ನಮ್ಮ ಕೈಲಿಲ್ಲ. ಹೂಗೊಂಚಲನ್ನು ಕಂಡಲ್ಲೆಲ್ಲ ಚಿವುಟಬಹುದು, ಕೊಯ್ಲಿನ ನಡುವಿನ ಅಂತರ ಕಡಿಮೆ ಮಾಡಬಹುದು. ಎಳೆಯ ಕುಡಿಗಳು ಹೊಸದಾಗಿ ಹೊರಡುತ್ತಿರುವಷ್ಟು ಕಾಲ ಹೂವಿನ ಹಾವಳಿ ಸ್ವಲ್ಪ ಹಿಡಿತದಲ್ಲಿರುತ್ತದೆ. ಈ ದಿನಗಳಲ್ಲಿ ಗೊಬ್ಬರ ಸುರಿದರೆ ಕಾಯಿ ದಪ್ಪವಾಗುತ್ತದೆ, ಅಷ್ಟೇ. ಫೆಬ್ರವರಿಯಲ್ಲಿ ಬಿಸಿಲೇರಿದ ಮೇಲೆ ಅದೇ ಬಳ್ಳಿ ತಾನಾಗಿ ಚೇತರಿಸಿಕೊಳ್ಳುವುದನ್ನು ಹಲವು ಸಲ ಕಂಡಿದ್ದೇನೆ.

ಇಲ್ಲೇ ಒಂದು ಮಾತು. ಹೂ ಬಿಟ್ಟ ಕವಲಿನಿಂದ ತುಂಡು ಕತ್ತರಿಸಿ ನೆಟ್ಟರೆ ಆ ತುಂಡು ಒಂದು ಮೊಳ ಏರುವ ಮೊದಲೇ ಹೂ ಬಿಡುತ್ತದೆ. "ನೆಟ್ಟು ತಿಂಗಳಾಗಲಿಲ್ಲ, ಆಗಲೇ ಕಾಯಿ" ಎಂದು ದೂರುವವರಲ್ಲಿ ಅರ್ಧ ಜನ ಮಾಡಿದ ತಪ್ಪು ಇದೇ. ತುಂಡು ಬೇಕಿದ್ದರೆ ಹೂವಿಲ್ಲದ, ಪೆನ್ಸಿಲ್‌ಗಿಂತ ತುಸು ದಪ್ಪದ ದಂಟು, ಮೂರು ನಾಲ್ಕು ಗಿಣ್ಣು, ಒಂದು ಗೇಣು ಉದ್ದ. ಅದರಲ್ಲಿ ಎರಡು ಗಿಣ್ಣು ಮಣ್ಣಿನೊಳಗೆ.

ಹಳದಿ ಎಲ್ಲಿಂದ ಶುರುವಾಯಿತು?

ಎಲೆ ಹಳದಿಯಾಗಿದೆ ಎನ್ನುವುದು ದೂರೇ ಅಲ್ಲ. ಯಾವ ಎಲೆ ಎಂದು ಹೇಳಿದರೆ ದೂರು.

ಬುಡದ ಹಳೆಯ ಎಲೆಗಳು ಮೊದಲು ಮಾಸಲು ಹಳದಿಯಾಗಿ, ಕುಡಿ ಇನ್ನೂ ಹಸಿರಾಗಿದ್ದರೆ ಸಾರಜನಕದ ಹಸಿವು. ಬಳ್ಳಿ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಉಣಿಸುತ್ತಿದೆ ಎಂದರ್ಥ. ನಮ್ಮ ಕರಾವಳಿಯಲ್ಲಿ ಇದು ಅಚ್ಚರಿಯಲ್ಲ: ಉಸುಕು ಮಣ್ಣು, ವರ್ಷಕ್ಕೆ 3000 ಮಿಲಿಮೀಟರ್ ಸುತ್ತಮುತ್ತ ಸುರಿಯುವ ಮಳೆ. ಮೇ ತಿಂಗಳಲ್ಲಿ ಹಾಕಿದ ಗೊಬ್ಬರದ ಸತ್ವ ಜುಲೈ ಹೊತ್ತಿಗೆ ಅರಬ್ಬೀ ಸಮುದ್ರ ಸೇರಿರುತ್ತದೆ. ಇಂಥಲ್ಲಿ ಗೊಬ್ಬರ ಕೊಡಬೇಕು, ಆದರೆ ಒಮ್ಮೆಲೇ ಬುಟ್ಟಿಗಟ್ಟಲೆ ಅಲ್ಲ. ಒಂದು ಕಿಲೋ ಶೇಂಗಾ ಹಿಂಡಿಯನ್ನು ಹತ್ತು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ಕೊಳೆಸಿ, ಆ ತಿಳಿಗೆ ಹತ್ತು ಪಟ್ಟು ನೀರು ಬೆರೆಸಿ, ಪ್ರತಿ ಕೊಯ್ಲಿನ ಮರುದಿನ ಬುಡಕ್ಕೆ ಒಂದೊಂದು ಚೊಂಬು ಹಾಕುತ್ತೇನೆ. ವಾಸನೆಗೆ ಮನೆಯವರಿಂದ ಬೈಗುಳ ಖಚಿತ. ಗೋಬರ್ ಗ್ಯಾಸ್ ಬಗ್ಗಡ ಇರುವ ಮನೆಗಳಲ್ಲಿ ಈ ರಗಳೆಯೇ ಬೇಡ, ಅದನ್ನೇ ತೆಳ್ಳಗೆ ಮಾಡಿ ಕೊಟ್ಟರಾಯಿತು. ಹಸಿ ಸಗಣಿಯನ್ನು ಮಾತ್ರ ಬುಡಕ್ಕೆ ತಾಗಿಸಬೇಡಿ, ಅದು ಕೊಳೆಯುವಾಗಿನ ಕಾವಿಗೆ ಎಳೆಯ ಬೇರು ಸುಡುತ್ತದೆ.

ಇದಕ್ಕೆ ತಿರುವುಮುರುವಾಗಿ, ಕುಡಿಯ ಹೊಸ ಎಲೆಗಳೇ ಬಿಳಿಚಿಕೊಂಡು ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣಕ್ಕೆ ಕೊರತೆಯೇ ಎಂದು ನಗಬೇಡಿ. ಮಣ್ಣಿನಲ್ಲಿ ಇದೆ, ಬಳ್ಳಿಗೆ ಸಿಗುತ್ತಿಲ್ಲ. ಬಚ್ಚಲ ಒಲೆಯ ಬೂದಿಯನ್ನು ದಿನಾ ಬಸಳೆಯ ಬುಡಕ್ಕೇ ಸುರಿಯುವ ಮನೆಗಳಲ್ಲಿ, ಇಲ್ಲವೇ ಹುಳಿ ಮಣ್ಣು ಸರಿಮಾಡಲು ಹೋಗಿ ಚಿಪ್ಪಿ ಸುಣ್ಣವನ್ನು ಕೈ ಬಿಚ್ಚಿ ಎರಚಿದಲ್ಲಿ ಇದು ಕಾಣುತ್ತದೆ. ಮಣ್ಣಿನ ಹುಳಿ ಪೂರ್ತಿ ಹೋಗಿ ಕ್ಷಾರವಾದರೆ ಕಬ್ಬಿಣ ಕರಗುವುದಿಲ್ಲ. ಬೂದಿ ನಿಲ್ಲಿಸಿ, ಕೊಳೆತ ಸೊಪ್ಪಿನ ಗೊಬ್ಬರ ಸೇರಿಸಿ, ಒಂದು ಮಳೆಗಾಲ ಕಾಯಿರಿ. ಅವಸರವಿದ್ದರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಒಯ್ದು ಪರೀಕ್ಷೆ ಮಾಡಿಸಿ, ಅಂದಾಜಿಗೆ ಇನ್ನೊಂದು ಅಂದಾಜು ಸೇರಿಸಬೇಡಿ.

ಹಳೆಯದು, ಹೊಸದು ಎನ್ನದೆ ಇಡೀ ಬಳ್ಳಿ ಒಟ್ಟಿಗೆ ಮಂಕಾಗಿದ್ದರೆ ಗುದ್ದಲಿ ತೆಗೆದುಕೊಳ್ಳಿ.

ಬುಡ ಬಗೆದಾಗ ಕಂಡದ್ದು

ನನ್ನ ಚಪ್ಪರದ ರೋಗ ಪತ್ತೆಯಾದದ್ದು ನನ್ನಿಂದಲ್ಲ. ನಮ್ಮ ಓಣಿಗೆ ಬುಟ್ಟಿ ಹೊತ್ತು ತರಕಾರಿ ತರುವ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರಿದ್ದಾರೆ. ಅಂಕೋಲೆ ಕಡೆಯ ಗದ್ದೆಯಲ್ಲಿ ತಾವೇ ಬೆಳೆದದ್ದನ್ನು ತರುವವರು. ಸ್ವಂತ ಚಪ್ಪರ ಇಟ್ಟುಕೊಂಡು ಅವರ ಬಳಿ ಬಸಳೆ ಕಟ್ಟು ಕೊಳ್ಳುವಾಗ ನನಗೆ ಸ್ವಲ್ಪ ನಾಚಿಕೆಯೇ ಆಗುತ್ತಿತ್ತು. ಒಂದು ಮಧ್ಯಾಹ್ನ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಹಿತ್ತಿಲಿಗೆ ಬಂದರು. ಬೆಳಿಗ್ಗೆಯಷ್ಟೇ ನೀರು ಹಾಕಿದ್ದೆ, ಆದರೂ ಎಲೆಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. ಸಂಜೆಗೆ ಸರಿಹೋಗುತ್ತದೆ ಎಂದೆ. ಅವರು ಬಳ್ಳಿಯನ್ನು ನೋಡಲೇ ಇಲ್ಲ, ಬುಡವನ್ನು ನೋಡಿದರು.

"ತಮ್ಮಾ, ಇದಕ್ಕೆ ಇಷ್ಟು ಊಟ ಹಾಕಿದ್ದೀಯಲ್ಲ, ಬಾಯಿ ಸರಿ ಇದೆಯೋ ನೋಡಿದೆಯಾ?"

ಸೊಂಟದ ಕತ್ತಿಯ ತುದಿಯಿಂದ ಬುಡದಿಂದ ಒಂದು ಅಡಿ ದೂರದಲ್ಲಿ ಮಣ್ಣು ಕೆದಕಿ, ಒಂದು ಎಳೆ ಬೇರನ್ನು ಮೆಲ್ಲಗೆ ಎತ್ತಿ, ಕೊಡದ ನೀರಿನಲ್ಲಿ ಜಾಲಾಡಿ ನನ್ನ ಅಂಗೈಗೆ ಇಟ್ಟರು. ಬಸಳೆಯ ಬೇರು ದಾರದ ಹಾಗೆ ನುಣ್ಣಗಿರಬೇಕು. ಇದು ಮಣಿ ಪೋಣಿಸಿದ ಹಾಗಿತ್ತು. ಸಾಸಿವೆಯಷ್ಟು, ಕಡಲೆಯಷ್ಟು, ಒಂದೆರಡು ಕಡೆ ಶುಂಠಿಯ ಮರಿಗೆಡ್ಡೆಯ ಹಾಗೆ ಒಂದಕ್ಕೊಂದು ಅಂಟಿಕೊಂಡ ಗಂಟುಗಳು. ಉಗುರಿನಿಂದ ಒಂದು ಗಂಟು ಸೀಳಿದರೆ ಒಳಗೆ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ, ಮುತ್ತಿನ ಬಣ್ಣದ ಚುಕ್ಕೆ. ಅದೇ ಬೇರುಗಂಟಿನ ಹೆಣ್ಣು ಜಂತುಹುಳು (ನೆಮಟೋಡ್). ಬೇರಿನೊಳಗೆ ಕುಳಿತು ಹೀರುತ್ತದೆ, ಅಲ್ಲೇ ನೂರಾರು ಮೊಟ್ಟೆ ಇಡುತ್ತದೆ. ನಮ್ಮ ಸೆಕೆಯಲ್ಲಿ ತಿಂಗಳಿಗೊಂದು ತಲೆಮಾರು. ಇಂಥ ಬೇರು ನೀರನ್ನೂ ಏರಿಸದು, ಗೊಬ್ಬರವನ್ನೂ ಏರಿಸದು. ಎರಡು ವರ್ಷ ನಾನು ಹಾಕಿದ ಹಿಂಡಿಯೆಲ್ಲ ಯಾರ ಹೊಟ್ಟೆಗೆ ಹೋಯಿತು ಎಂಬುದು ಆ ದಿನ ಗೊತ್ತಾಯಿತು.

ಪರೀಕ್ಷೆ ನೀವೇ ಮಾಡಬಹುದು. ಬೆಳಿಗ್ಗೆ ನೀರು ಹಾಕಿದ ಬಳ್ಳಿ ಮಧ್ಯಾಹ್ನ ಬಾಡಿ ಸಂಜೆ ಎದ್ದು ನಿಂತರೆ ಮೊದಲ ಅನುಮಾನ ಇದೇ ಇರಲಿ. ಬೇರು ತೊಳೆದು ನೋಡಿ. ಅಲಸಂದೆಯ ಬೇರಿನಲ್ಲೂ ಗಂಟು ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ಅದು ಸಾರಜನಕ ಹಿಡಿಯುವ ಉಪಕಾರಿ ಗಂಟು, ಬೇರಿನ ಪಕ್ಕದಲ್ಲಿ ಅಂಟಿಕೊಂಡಿರುತ್ತದೆ, ಉಗುರು ತಾಗಿಸಿದರೆ ಉದುರುತ್ತದೆ. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು. ಕಿತ್ತರೆ ಬೇರೂ ತುಂಡಾಗುತ್ತದೆ. ಮೇಲಾಗಿ ಬಸಳೆ ಅಲಸಂದೆಯಂಥ ದ್ವಿದಳ ಧಾನ್ಯದ ಜಾತಿಯಲ್ಲ, ಅದರ ಬೇರಿನಲ್ಲಿ ಉಪಕಾರಿ ಗಂಟು ಇರುವ ಪ್ರಶ್ನೆಯೇ ಇಲ್ಲ.

ಉಸುಕು ಮಣ್ಣು ಈ ಹುಳುವಿಗೆ ಪ್ರಿಯ, ಸಲೀಸಾಗಿ ಓಡಾಡುತ್ತದೆ. ಬೆಂಡೆ, ಬದನೆ, ಟೊಮೆಟೊ, ಸೌತೆ, ಹೀರೆ ಇವೆಲ್ಲ ಇದರ ಮನೆಗಳು. ಘಟ್ಟದ ಮೇಲಿನ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿಯ ಬೇರಿನಲ್ಲೂ ಇದೇ ಸಂತತಿ. ನನ್ನ ಚಪ್ಪರದ ಜಾಗದಲ್ಲಿ ಅದಕ್ಕೂ ಮೊದಲು ಮೂರು ವರ್ಷ ಬೆಂಡೆ ಹಾಕಿದ್ದೆ, ಅಂದರೆ ನಾನೇ ಸಾಕಿದ್ದೆ.

ಗಂಟು ಬಿದ್ದ ಬೇರನ್ನು ಸರಿಮಾಡುವ ಮದ್ದಿಲ್ಲ. ಬಳ್ಳಿ ಉಳಿಸುವ ಆಸೆ ಬಿಟ್ಟು ಜಾಗ ಬದಲಾಯಿಸಬೇಕು. ಮೇಲಿನ ಆರೋಗ್ಯವಂತ ಕವಲಿನಿಂದ ತುಂಡು ತೆಗೆದು ಬೇರೆ ಕಡೆ ನೆಡಿ. ಮಣ್ಣು ಮುಟ್ಟದ ದಂಟಿನಲ್ಲಿ ಹುಳು ಇರುವುದಿಲ್ಲ. ಆದರೆ ನೆಲಕ್ಕೆ ತಾಗಿ ಬೇರು ಬಿಟ್ಟ ತುಂಡನ್ನು ಮಣ್ಣುಸಮೇತ ತಂದರೆ ರೋಗವನ್ನೂ ಕರೆದು ತಂದಂತೆ. ನೆರೆಮನೆಯವರು ಪ್ರೀತಿಯಿಂದ ಮಣ್ಣಿನ ಮುದ್ದೆ ಸಮೇತ ಕೊಟ್ಟ ಸಸಿಗೆ ಇಲ್ಲ ಎನ್ನುವುದು ಕಷ್ಟ, ಆದರೆ ಅನ್ನಬೇಕು, ಇಲ್ಲವೇ ತುದಿ ಕತ್ತರಿಸಿಕೊಂಡು ಬುಡ ಎಸೆಯಬೇಕು. ಹಳೆಯ ಜಾಗದ ಬೇರನ್ನು ಹೆಕ್ಕಿ ತೆಗೆದು ಒಣಗಿಸಿ ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ. ಏಪ್ರಿಲ್-ಮೇ ತಿಂಗಳಲ್ಲಿ ಆ ಮಡಿಯನ್ನು ಅಗೆದು, ನೀರು ಹಾಕಿ ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕರಿಂದ ಆರು ವಾರ ಬಿಗಿಯಾಗಿ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ. ಕಪ್ಪು ಹಾಳೆ ಬೇಡ, ಬಿಸಿಲು ಒಳಗೆ ಹೋಗಬೇಕು. ಮಳೆ ಹಿಡಿದ ಮೇಲೆ ಅದೇ ಜಾಗದಲ್ಲಿ ಎರಡು ಮೂರು ತಿಂಗಳು ಚೆಂಡು ಹೂವನ್ನು ಒತ್ತೊತ್ತಾಗಿ ಬೆಳೆಸಿ. ಚಪ್ಪರದ ಮೂಲೆಗೆ ಶೋಭೆಗೆಂದು ಎರಡು ಚೆಂಡು ಹೂ ನೆಟ್ಟರೆ ದೀಪಾವಳಿಗೆ ಹೂ ಸಿಗುತ್ತದೆ, ಹುಳುವಿಗೇನೂ ಆಗುವುದಿಲ್ಲ. ಹೊಸ ಗುಂಡಿಗೆ ಕಾಲು ಕಿಲೋದಷ್ಟು ಬೇವಿನ ಹಿಂಡಿಯನ್ನು ಒಳ್ಳೆಯ ಗೊಬ್ಬರದ ಜೊತೆ ಕಲಸುತ್ತೇನೆ. ಅದು ಹುಳುವನ್ನು ನಿರ್ಮೂಲ ಮಾಡುವುದಿಲ್ಲ, ಬಳ್ಳಿಗೆ ಮೊದಲ ಕೆಲವು ತಿಂಗಳ ಅವಕಾಶ ಕೊಡುತ್ತದೆ.

ಬಾವಿಯೂ ಬಚ್ಚಲೂ

ಬೇರು ನುಣ್ಣಗಿದೆ, ಆದರೆ ಎಲೆಯ ತುದಿ ಮತ್ತು ಅಂಚು ಕಂದಾಗಿ ಸುಟ್ಟಂತೆ ಒಣಗುತ್ತಿದೆ, ಹಳೆಯ ಎಲೆಗಳಲ್ಲೇ ಹೆಚ್ಚು, ತಿಂಗಳು ಮಾರ್ಚ್ ದಾಟಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವ ಆಸುಪಾಸಿನವರಿಗೆ, ಗಜನಿ ಗದ್ದೆಯ (ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಪಕ್ಕದಲ್ಲಿ ಮನೆ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾವಿಗೆ ಉಪ್ಪು ಬಂದಿದೆ. ಅನುಮಾನವಿದ್ದರೆ ಒಂದು ಲೀಟರ್ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಪೂರ್ತಿ ಆರಿಸಿ. ತಳದಲ್ಲಿ ಒಂದು ಗ್ರಾಂನಷ್ಟು ಬಿಳಿ ಪುಡಿ ಉಳಿದರೆ ಲೀಟರಿಗೆ 1000 ಮಿಲಿಗ್ರಾಂ ಲವಣ ಎಂದಾಯಿತು. ಎಲೆಯ ಮೇಲೆ ಅದನ್ನು ಚಿಮುಕಿಸುವುದನ್ನು ಅಂದೇ ನಿಲ್ಲಿಸಿ.

ಕರಾವಳಿಯ ಬಾವಿಯಲ್ಲಿ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಪಂಪ್ ಹಚ್ಚಿ ಒಂದೇ ಸಮನೆ ಎಳೆದರೆ ಮೇಲಿನ ಸಿಹಿ ಮುಗಿದು ಕೆಳಗಿನ ಉಪ್ಪು ಮೇಲೇಳುತ್ತದೆ. ಕೊಡಪಾನದಲ್ಲಿ ಸೇದುತ್ತಿದ್ದ ಕಾಲದಲ್ಲಿ ಏಪ್ರಿಲ್‌ನಲ್ಲೂ ಸಿಹಿಯಾಗಿದ್ದ ಬಾವಿ ಈಗ ಮಾರ್ಚ್‌ಗೇ ಸಪ್ಪೆ ಉಪ್ಪಾಗುವುದರಲ್ಲಿ ಪಂಪಿನ ಪಾಲೂ ಇದೆ. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎಳೆಯಿರಿ, ಪಂಪಿನ ಬಾಯಿ ತಳಕ್ಕಿಳಿಯದಿರಲಿ. ಬುಡಕ್ಕೆ ದರಕು (ಒಣಗಿದ ಎಲೆ) ನಾಲ್ಕು ಬೆರಳು ದಪ್ಪ ಹಾಸಿ. ಮಣ್ಣು ಒಣಗಿದಷ್ಟೂ ಉಪ್ಪು ಬೇರಿನ ಸುತ್ತ ಗಟ್ಟಿಯಾಗುತ್ತದೆ, ಹಾಸಿದರೆ ಆ ಒಣಗುವಿಕೆ ನಿಧಾನ. ಮೊದಲ ಎರಡು ಮಳೆ ಬಿದ್ದರೆ ಉಳಿದದ್ದು ತೊಳೆದು ಹೋಗುತ್ತದೆ.

ಬಾವಿ ದೂರವಿದ್ದರೆ ಬಚ್ಚಲು ನೋಡಿ. ಬಸಳೆಯನ್ನು ಬಚ್ಚಲ ಹಿಂದೆ ನೆಡುವುದು ನಮ್ಮಲ್ಲಿ ತಲೆತಲಾಂತರದ ಜಾಣತನ. ಸೀಗೆ, ಅಂಟುವಾಳ, ಕಡಲೆಹಿಟ್ಟಿನ ನೀರು ಹರಿದು ಬರುತ್ತಿದ್ದಾಗ ಬಳ್ಳಿ ಕೊಬ್ಬುತ್ತಿತ್ತು. ಈಗ ಅದೇ ಕಾಲುವೆಯಲ್ಲಿ ಬಟ್ಟೆ ತೊಳೆಯುವ ಯಂತ್ರದ ನೊರೆ ಬರುತ್ತದೆ. ಸಾಬೂನು ಪುಡಿಯಲ್ಲಿರುವ ಸೋಡಿಯಂ ಜೇಡಿ ಮಣ್ಣನ್ನು ಹಿಟ್ಟಿನಂತೆ ಕದಡಿ ಮೇಲೆ ಹೆಪ್ಪು ಕಟ್ಟಿಸುತ್ತದೆ, ನೀರು ಇಂಗುವುದಿಲ್ಲ, ಮಣ್ಣು ಕ್ಷಾರವಾಗುತ್ತದೆ. ಜಾಗ ಅದೇ, ಬಳ್ಳಿ ಅದೇ, ಅಜ್ಜಿ ಮಾಡಿದ ಹಾಗೆಯೇ ಮಾಡುತ್ತಿದ್ದೇವೆ ಎನ್ನುವವರು ನೀರು ಮಾತ್ರ ಬದಲಾದದ್ದನ್ನು ಮರೆತಿರುತ್ತಾರೆ. ಸ್ನಾನದ ನೀರು ಬರಲಿ, ಬಟ್ಟೆಯ ನೀರನ್ನು ಬೇರೆ ಕಡೆ ತಿರುಗಿಸಿ.

ಮಳೆಗಾಲದ ಎರಡು ಕೆಡುಕು

ಬುಡದ ಹತ್ತಿರ ದಂಟು ಕಂದಾಗಿ ಮೆತ್ತಗಾಗಿ, ಮುಟ್ಟಿದರೆ ಲೋಳೆ ಬಂದು ಬಳ್ಳಿ ಕಳಚಿ ಬಿದ್ದರೆ ಅದು ಬುಡ ಕೊಳೆ. ನೀರು ನಿಂತಿದೆ, ಅಥವಾ ಬೇಸಿಗೆಯಲ್ಲಿ ಹಾಸಿದ ದರಕನ್ನು ಮಳೆಗಾಲದಲ್ಲೂ ದಂಟಿಗೆ ಒತ್ತಿ ಬಿಟ್ಟಿದ್ದೀರಿ. ಜೂನ್‌ಗೆ ಮೊದಲು ಬುಡವನ್ನು ಮುಕ್ಕಾಲು ಅಡಿ ದಿಬ್ಬ ಮಾಡಿ, ಸುತ್ತ ಬಸಿಗಾಲುವೆ ತೆಗೆದು, ದರಕನ್ನು ಒಂದು ಗೇಣು ದೂರ ಸರಿಸಿ.

ಎರಡನೆಯದು ಚುಕ್ಕೆ. ಎಲೆಯ ಮೇಲೆ ದುಂಡಗೆ, ನಡುವೆ ಬೂದು ಬಿಳಿ, ಸುತ್ತ ಕೆನ್ನೇರಳೆ ಉಂಗುರ, ಥೇಟ್ ಕಪ್ಪೆಯ ಕಣ್ಣು. ನಡುವಿನ ಭಾಗ ಒಣಗಿ ಉದುರಿ ತೂತಾಗುತ್ತದೆ, ಆಗ ನಾವು ಹುಳ ತಿಂದಿತು ಎಂದುಕೊಳ್ಳುತ್ತೇವೆ. ಹುಳ ತಿಂದ ತೂತಿಗೆ ಕೆಂಪು ಅಂಚು ಇರುವುದಿಲ್ಲ, ಆಕಾರ ಡೊಂಕಾಗಿರುತ್ತದೆ, ಸಮೀಪದಲ್ಲಿ ಹಿಕ್ಕೆ ಇರುತ್ತದೆ. ಚುಕ್ಕೆ ಶಿಲೀಂಧ್ರದ ಕೆಲಸ. ಮಳೆಹನಿ ಸಿಡಿದು ಕೆಳಗಿನ ಎಲೆಯಿಂದ ಮೇಲಿನದಕ್ಕೆ ಏರುತ್ತದೆ. ಚುಕ್ಕೆಯ ಎಲೆಯನ್ನು ಒಣ ಹೊತ್ತಿನಲ್ಲಿ ಕಿತ್ತು ಹಿತ್ತಿಲಿನಿಂದ ಹೊರಗೆ ಹಾಕಿ, ಒತ್ತಾದ ಬಳ್ಳಿಯನ್ನು ಬಿಡಿಸಿ ಗಾಳಿ ಆಡಲು ಬಿಡಿ. ಔಷಧ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಹತ್ತು ದಿನಕ್ಕೊಮ್ಮೆ ಕೊಯ್ದು ತಿನ್ನುವ ಸೊಪ್ಪಿಗೆ ಔಷಧ ಹೊಡೆದರೆ ಅದು ಸಾರಿಗೇ ಬರುತ್ತದೆ.

ಔಷಧದ ಮಾತು ಬಂದಾಗ ಶಿರಸಿಯ ಅತ್ತಿಗೆಯ ಮನೆಯ ಪ್ರಸಂಗ ನೆನಪಾಗುತ್ತದೆ. ಅವರ ಬಸಳೆ ಅಡಿಕೆ ತೋಟದ ಅಂಚಿನಲ್ಲಿ. ಆಷಾಢದಲ್ಲಿ ಫೋನ್ ಮಾಡಿ, "ಮಾರಾಯ, ಎಲೆಯ ಮೇಲೆಲ್ಲ ನೀಲಿ ಕಲೆ, ಇದು ಯಾವ ರೋಗ?" ಎಂದರು. ಕೊಳೆರೋಗಕ್ಕೆಂದು ಅಡಿಕೆ ಗೊನೆಗೆ ಬೋರ್ಡೋ ಹೊಡೆದದ್ದು ಯಾವಾಗ ಎಂದು ಕೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮೌನ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಆ ದ್ರಾವಣ ಅಡಿಕೆಯನ್ನು ಉಳಿಸುತ್ತದೆ, ಕೆಳಗಿನ ಬಸಳೆಗೆ ತೊಟ್ಟಿಕ್ಕಿದರೆ ಎಲೆ ಸುಡುತ್ತದೆ. ಆ ಕೊಯ್ಲಿನ ಸೊಪ್ಪು ಎಸೆಯಿರಿ, ಔಷಧ ಹೊಡೆಯುವ ದಿನ ಚಪ್ಪರಕ್ಕೆ ಪ್ಲಾಸ್ಟಿಕ್ ಹೊದಿಸಿ ಎಂದೆ.

ಅವರ ಬಳ್ಳಿಗೆ ಇನ್ನೊಂದು ತೊಂದರೆಯೂ ಇತ್ತು. ದಂಟು ಉದ್ದುದ್ದ, ಗಿಣ್ಣಿನಿಂದ ಗಿಣ್ಣಿಗೆ ಒಂದು ಗೇಣು, ಎಲೆ ತೆಳ್ಳಗೆ. ಅದು ನೆರಳಿನ ಲಕ್ಷಣ. ಬಸಳೆ ಅರೆನೆರಳನ್ನು ತಾಳಿಕೊಳ್ಳುತ್ತದೆ, ಬಿರುಬಿಸಿಲಿಗಿಂತ ಅಲ್ಲಿ ಎಲೆ ದೊಡ್ಡದೂ ಆಗುತ್ತದೆ, ಆದರೆ ದಿನಕ್ಕೆ ಐದಾರು ಗಂಟೆ ಬೆಳಕು ಬೀಳದಿದ್ದರೆ ಬಳ್ಳಿ ಸೊಪ್ಪು ಮಾಡುವುದು ಬಿಟ್ಟು ಬೆಳಕು ಹುಡುಕುತ್ತಾ ಓಡುತ್ತದೆ. ಅದಕ್ಕೆ ಗೊಬ್ಬರ ಕೊಟ್ಟರೆ ಇನ್ನೂ ಜೋರಾಗಿ ಓಡುತ್ತದೆ.

ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕಬೇಕು. ಒದ್ದೆ ಗೋಣಿಚೀಲ ಹಾಸಿಟ್ಟರೆ ಬೆಳಿಗ್ಗೆ ಅದರಡಿ ಗುಂಪಾಗಿ ಸಿಗುತ್ತವೆ. ಬಳ್ಳಿಯ ಹತ್ತಿರ ಉಪ್ಪು ಎರಚಬೇಡಿ. ಮಂಗನ ಕಾಟಕ್ಕೆ ನನ್ನಲ್ಲಿ ಮದ್ದಿಲ್ಲ.

ಕೊಯ್ಯುವ ಕೈಯ ದೋಷ

ಮೇಲಿನ ಯಾವುದೂ ಅಲ್ಲ, ಬಳ್ಳಿ ಆರೋಗ್ಯವಾಗಿಯೇ ಇದೆ, ಆದರೂ ಸೊಪ್ಪು ಸಾಲುತ್ತಿಲ್ಲ. ಇದೇ ಹೆಚ್ಚಿನ ಮನೆಗಳ ಕಥೆ. ಚಪ್ಪರದ ಕೆಳಗೆ ನಿಂತು ಮೇಲೆ ನೋಡಿ. ಹಸಿರೆಲ್ಲ ಮೇಲ್ಗಡೆ ಚಾಪೆಯಂತೆ ಹೆಣೆದುಕೊಂಡಿದೆ, ಕೆಳಗೆ ಬರಿಯ ಬೆತ್ತಲೆ ದಂಟುಗಳು, ನಡುವೆ ಒಣಗಿದ ಹಳದಿ ಎಲೆಗಳು ಸಿಕ್ಕಿಕೊಂಡಿವೆ. ಮನೆಯವರು ಕೈಗೆಟುಕಿದ ದೊಡ್ಡ ಎಲೆಗಳನ್ನಷ್ಟೇ ತೊಟ್ಟು ಮುರಿದು ತೆಗೆಯುತ್ತಾರೆ, ಕುಡಿ ಮುಟ್ಟುವುದಿಲ್ಲ, ಪಾಪ ಬೆಳೆಯಲಿ ಎಂದು. ಅಲ್ಲೇ ಎಡವಟ್ಟು. ದೊಡ್ಡ ಎಲೆ ಬಳ್ಳಿಗೆ ಅನ್ನ ಬೇಯಿಸುವ ಒಲೆ, ಅದನ್ನು ಕಿತ್ತು ಉಣ್ಣುವ ಕುಡಿಯನ್ನು ಬಿಟ್ಟರೆ ಬಳ್ಳಿ ಉದ್ದವಾಗುತ್ತದೆ, ಕವಲೊಡೆಯುವುದಿಲ್ಲ. ತುದಿಯ ಕುಡಿ ಇರುವವರೆಗೂ ಕೆಳಗಿನ ಗಿಣ್ಣುಗಳ ಮೊಗ್ಗು ಮಲಗಿಯೇ ಇರುತ್ತದೆ. ತುದಿ ಚಿವುಟಿದರೆ ಅದರ ಕೆಳಗಿನ ಎರಡು ಗಿಣ್ಣು ಒಟ್ಟಿಗೆ ಏಳುತ್ತವೆ.

ನೆಟ್ಟ ತುಂಡು ಒಂದೂವರೆ ಅಡಿ ಏರಿದಾಗ ಕಣ್ಣು ಮುಚ್ಚಿ ತುದಿ ಚಿವುಟಿ. ಬಂದ ಎರಡು ಕವಲುಗಳನ್ನು ಅಷ್ಟೇ ಬೆಳೆದ ಮೇಲೆ ಮತ್ತೆ ಚಿವುಟಿ. ಚಪ್ಪರ ಮುಟ್ಟುವ ಹೊತ್ತಿಗೆ ಒಂದರ ಬದಲು ನಾಲ್ಕು ಬಳ್ಳಿ. ಆಮೇಲಿನ ಕೊಯ್ಲು ಎಲೆಯ ಲೆಕ್ಕದಲ್ಲಲ್ಲ, ಕುಡಿಯ ಲೆಕ್ಕದಲ್ಲಿ: ಒಂದರಿಂದ ಒಂದೂವರೆ ಗೇಣು ಉದ್ದದ ಕುಡಿಯನ್ನು ದಂಟುಸಮೇತ, ಕವಲಿನ ಬುಡದಲ್ಲಿ ಎರಡು ಎಲೆ ಉಳಿಸಿ, ಹರಿತವಾದ ಕತ್ತಿಯಿಂದ ಕತ್ತರಿಸಿ. ಎಳೆದು ಕೀಳಿದರೆ ಗಿಣ್ಣು ಸೀಳಿ ಅಲ್ಲಿಂದ ಕೊಳೆ ಹತ್ತುತ್ತದೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ನೆಂಟರು ಬಂದ ದಿನ ಇಡೀ ಚಪ್ಪರ ಬೋಳಿಸಿದರೆ ಮುಂದಿನ ತಿಂಗಳು ಸಂತೆಯ ಬಸಳೆಯೇ ಗತಿ. ನಾನು ಚಪ್ಪರವನ್ನು ಮೂರು ಪಾಲು ಮಾಡಿಕೊಂಡಿದ್ದೇನೆ, ನಾಲ್ಕು ದಿನಕ್ಕೊಂದು ಪಾಲು. ಸರದಿ ತಿರುಗಿ ಬರುವಾಗ ಹನ್ನೆರಡು ದಿನ, ಅಷ್ಟರಲ್ಲಿ ಕುಡಿ ಮತ್ತೆ ಗೇಣು ಮೀರಿರುತ್ತದೆ. ಹಲಸಿನ ಬೇಳೆ ಹಾಕಿದ ಹುಳಿಗಾದರೂ ಸರಿ, ಸಿಗಡಿ ಹಾಕಿದ ಸಾರಿಗಾದರೂ ಸರಿ, ಆ ಎಳೆಯ ದಂಟಿನ ರುಚಿಯೇ ಬೇರೆ. ಬರಿಯ ಎಲೆ ಕಿತ್ತು ತಿನ್ನುವವರಿಗೆ ಅದು ಗೊತ್ತಾಗುವುದಿಲ್ಲ.

ಮಟ್ಟಸ ಚಪ್ಪರದ ಬಗ್ಗೆ ನನಗೆ ಈಗ ಮೊದಲಿನ ಮೋಹವಿಲ್ಲ. ಅಡಿಕೆ ದಬ್ಬೆಯ ಎತ್ತರದ ಚಪ್ಪರ ಕಣ್ಣಿಗೆ ಚೆಂದ, ಅಡಿಯಲ್ಲಿ ಕುರ್ಚಿ ಹಾಕಿ ಕೂರಬಹುದು, ಆದರೆ ಬೆಳಕು ಮೇಲ್ಮೈಗಷ್ಟೇ. ಹೊಸ ಜಾಗದಲ್ಲಿ ಮೀನುಗಾರ ಗೆಳೆಯರಿಂದ ಹಳೆಯ ನೈಲಾನ್ ಬಲೆ ತಂದು, ಒಂದು ಮಳೆಗಾಲ ಬಯಲಲ್ಲಿ ಬಿಟ್ಟು ಉಪ್ಪು ತೊಳೆಸಿ, ಐದೂವರೆ ಅಡಿ ಎತ್ತರಕ್ಕೆ ಓರೆಯಾಗಿ ಕಟ್ಟಿದ್ದೇನೆ. ಎರಡೂ ಮುಖಕ್ಕೆ ಬೆಳಕು, ಎರಡೂ ಮುಖಕ್ಕೆ ಗಾಳಿ, ಏಣಿ ಬೇಡ. ಬಲೆಯ ಕಣ್ಣು ಕೈ ತೂರುವಷ್ಟು ದೊಡ್ಡದಿರಲಿ. ಮೊದಲು ಸಣ್ಣ ಕಣ್ಣಿನದು ಕಟ್ಟಿ, ಕುಡಿ ಬಿಡಿಸಲು ಹೋಗಿ ಅರ್ಧ ಬಳ್ಳಿ ಹರಿದಿದ್ದೆ.

ಎರಡು ವರ್ಷ ದಾಟಿದ ಬಳ್ಳಿಯ ಬುಡ ಮರದಂತೆ ಗಟ್ಟಿಯಾಗಿ, ಕುಡಿಗಳು ಕಡ್ಡಿಯಂತಾಗಿದ್ದರೆ, ಬೇರು ಶುದ್ಧವಾಗಿದೆ ಎಂದು ಖಾತ್ರಿ ಮಾಡಿಕೊಂಡು ಬಳ್ಳಿ ಇಳಿಸಿ. ವೀಳ್ಯದೆಲೆ ಬೆಳೆಯುವವರಿಗೆ ಇದು ಹೊಸದಲ್ಲ. ಬಲೆಯಿಂದ ಬಿಡಿಸಿದ ಬೆತ್ತಲೆ ದಂಟನ್ನು ಬುಡದ ಸುತ್ತ ಸುರುಳಿ ಸುತ್ತಿ, ಮೂರು ಬೆರಳು ಗೊಬ್ಬರ ಮಣ್ಣು ಮುಚ್ಚಿ, ತುದಿಯ ಎರಡು ಅಡಿ ಮಾತ್ರ ಮತ್ತೆ ಮೇಲಕ್ಕೆ ಕಟ್ಟಿ. ಹೂತ ಪ್ರತಿ ಗಿಣ್ಣೂ ಬೇರು ಬಿಡುತ್ತದೆ. ಮಳೆ ನಿಂತ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ ಈ ಕೆಲಸ ಮಾಡಿದರೆ ಕೊಳೆಯುವ ಭಯ ಕಡಿಮೆ. ಕಳೆದ ಸಲ ಇಳಿಸಿದ ಬಳ್ಳಿಯ ಮೊದಲ ಕೊಯ್ಲಿನಲ್ಲಿ ಒಂದು ಕಟ್ಟನ್ನು ಹಾಲಕ್ಕಿ ಅಜ್ಜಿಯ ಬುಟ್ಟಿಗೆ ಇಟ್ಟೆ. ಅವರು ಅದನ್ನು ಎತ್ತಿ, ಕತ್ತರಿಸಿದ ತುದಿಯನ್ನು ಉಗುರಿನಿಂದ ಒತ್ತಿ ನೋಡಿ, "ಇನ್ನೂ ಎರಡು ದಿನ ಮೊದಲು ಕೊಯ್ಯಬೇಕಿತ್ತು" ಎಂದು ಬುಟ್ಟಿಯಲ್ಲಿಟ್ಟುಕೊಂಡರು.